ಆಟಕ್ಕುಂಟು, ಲೆಕ್ಕಕ್ಕಿಲ್ಲ

ದೊಡ್ಡ ಹುಡುಗರು ಆಡುತ್ತಿರುವಾಗ ತಾನೂ ಸೇರಬೇಕೆಂದು ಹಟ ಹಿಡಿಯುವ ಚಿಕ್ಕ ತಮ್ಮನಿಗಾಗಿ ನಮ್ಮ ಮಕ್ಕಳು ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಮೊದಲೇ ಸಾರಿಬಿಡುವುದು. ಆಮೇಲೆ ಆ ಮಗು ಎಲ್ಲರೊಡನೆ ಓಡಬಹುದು, ಕೂಗಬಹುದು, ಲಗೋರಿಯ ಬಿಲ್ಲೆ ಜೋಡಿಸಬಹುದು. ಅದು ಸಿಕ್ಕಿಬಿದ್ದರೆ ಯಾವ ಪಕ್ಷಕ್ಕೂ ನಷ್ಟವಿಲ್ಲ. ದೊಡ್ಡವರ ಬಾಯಿಗೆ ಬಂದ ಮೇಲೆ ಈ ಮಾತು ಕೆಟ್ಟಿತು. ಸಮಿತಿಯಲ್ಲಿ ಹೆಸರಿದ್ದು ಅಧಿಕಾರವಿಲ್ಲದವನನ್ನು ಹಂಗಿಸುವುದಕ್ಕೆ ಈಗ ಅದನ್ನು ಉಪಯೋಗಿಸುತ್ತೇವೆ. ಮೂಲದಲ್ಲಿ ಅದು ದಾಕ್ಷಿಣ್ಯದ ಮಾತು; ಸ್ವಲ್ಪ ಯೋಚಿಸಿದರೆ, ಒಂದು ತತ್ತ್ವವನ್ನೇ ಒಳಗೊಂಡ ಮಾತು. ಆಟ ಬೇರೆ, ಅದರ ಲೆಕ್ಕ ಬೇರೆ. ಲೆಕ್ಕದಿಂದ ಹೊರಗಿದ್ದೂ ಆಟದ ಒಳಗಿರುವುದು ಸಾಧ್ಯ ಎಂಬುದನ್ನು ಎಂಟು ವರ್ಷದ ಹುಡುಗರು ಯಾರ ಉಪದೇಶವೂ ಇಲ್ಲದೆ ಕಂಡುಕೊಂಡಿದ್ದಾರೆ.

ಇಂದಿನ ದೊಡ್ಡ ಕ್ರೀಡೆಯ ಮುಂದೆ ಕುಳಿತ ನಮ್ಮ ಸ್ಥಿತಿ ಇದಕ್ಕೆ ಸರಿಯಾಗಿ ತಿರುವುಮುರುವು. ನಾವು ಲೆಕ್ಕಕ್ಕುಂಟು, ಆಟಕ್ಕಿಲ್ಲ. 2022ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಐದು ವರ್ಷಗಳ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡವರು ಕೊಂಡದ್ದು ಏನನ್ನು? ಚೆಂಡು ದಾಂಡುಗಳ ಬೆಲೆ ಅಷ್ಟಾಗಲಾರದು. ಬೇಸಗೆಯ ಸಂಜೆಗಳಲ್ಲಿ ಕೋಟಿಗಟ್ಟಲೆ ಕಣ್ಣುಗಳು ಒಂದೇ ಕಡೆ ತಿರುಗಿರುತ್ತವೆಂಬ ಭರವಸೆಗೆ ಅವರು ಕೊಟ್ಟ ಬೆಲೆ ಅದು. ಹಾಗಾಗಿ ಜಗಲಿಯ ಮೇಲೆ ಕುಳಿತು ನೋಡುವ ನಾವು ಗಿರಾಕಿಗಳೆಂದು ಭಾವಿಸುವುದು ಪೂರ್ತಿ ಸರಿಯಲ್ಲ. ತಕ್ಕಡಿಯಲ್ಲಿ ಇಟ್ಟಿರುವ ಸರಕೂ ನಾವೇ.

ಈ ಮಾತು ಹೊಸದೇನಲ್ಲ. ಗೊಣಗುವವರು ಎಲ್ಲ ಕಾಲದಲ್ಲಿಯೂ ಇದ್ದರು. ‘ಇದೆಲ್ಲ ದುಡ್ಡಿನಾಟ ಸ್ವಾಮಿ’ ಎಂದು ಹೇಳಿ ಮರುಗಳಿಗೆಯಲ್ಲೇ ‘ಸ್ಕೋರು ಎಷ್ಟಾಯಿತು?’ ಎಂದು ಕೇಳುವ ಸಜ್ಜನರು ಪ್ರತಿಯೊಂದು ಹೋಟೆಲಿನಲ್ಲಿಯೂ ಸಿಗುತ್ತಾರೆ. ಗೊಣಗುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಭ್ರಮೆ ಹರಿದಾಗ ಕೇಳಬೇಕಾದ ಪ್ರಶ್ನೆ ಒಂದುಂಟು: ನಾವು ನಂಬಿದ್ದೇನು, ಕಳೆದುಕೊಂಡದ್ದೇನು?

ಮೋಸದಿಂದಲೇ ಆರಂಭಿಸೋಣ. 2000ದ ಜನವರಿಯಲ್ಲಿ ಸೆಂಚೂರಿಯನ್ ಎಂಬ ಊರಿನಲ್ಲಿ ದಕ್ಷಿಣ ಆಫ್ರಿಕಕ್ಕೂ ಇಂಗ್ಲೆಂಡಿಗೂ ಟೆಸ್ಟ್ ಪಂದ್ಯ ನಡೆಯಿತು. ನಡುವಣ ಮೂರು ದಿನಗಳನ್ನು ಮಳೆ ನುಂಗಿಬಿಟ್ಟಿತು. ಕೊನೆಯ ದಿನ ಆಟ ಸತ್ತಂತೆಯೇ ಎಂದು ಎಲ್ಲರೂ ತಿಳಿದಿದ್ದಾಗ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಎದುರಾಳಿಗೆ ಒಂದು ಸೂಚನೆ ಕೊಟ್ಟ: ಎರಡು ಪಕ್ಷದವರೂ ಒಂದೊಂದು ಇನ್ನಿಂಗ್ಸನ್ನು ಬಿಟ್ಟುಕೊಡೋಣ, ಪಂದ್ಯಕ್ಕೆ ಜೀವ ಬರಲಿ. ಟೆಸ್ಟ್ ಚರಿತ್ರೆಯಲ್ಲಿ ಹಾಗೆಂದೂ ಆಗಿರಲಿಲ್ಲ. ಇಂಗ್ಲೆಂಡು 249 ಓಟಗಳ ಗುರಿಯನ್ನು ಬೆನ್ನಟ್ಟಿ ಎರಡು ವಿಕೆಟ್ ಉಳಿದಿರುವಂತೆ ಗೆದ್ದಿತು. ಎಂಥ ಕ್ರೀಡಾಮನೋಭಾವ ಎಂದು ಹೊಗಳಿದವರುಂಟು. ಏಪ್ರಿಲಿನಲ್ಲಿ ದೆಹಲಿಯ ಪೊಲೀಸರು ಬೇರೊಂದು ಸರಣಿಯ ದೂರವಾಣಿ ಸಂಭಾಷಣೆಗಳನ್ನು ಬಯಲಿಗೆಳೆದರು; ಆಮೇಲಿನ ವಿಚಾರಣೆಯಲ್ಲಿ ಈ ಔದಾರ್ಯದ ಹಿನ್ನೆಲೆಯೂ ಹೊರಬಿತ್ತು. ಬಾಜಿಯ ವ್ಯವಹಾರದವನೊಬ್ಬ ಕ್ರೋನಿಯೆಗೆ ಹಣವನ್ನೂ ಒಂದು ಚರ್ಮದ ಕೋಟನ್ನೂ ಕೊಟ್ಟಿದ್ದ.

ಈಗ ಯೋಚಿಸಿ. ಆ ದಿನ ಟಿಕೆಟು ಕೊಂಡು ಕುಳಿತ ಪ್ರೇಕ್ಷಕನಿಗೆ ಆದ ನಷ್ಟವೇನು? ಮಳೆಯಿಂದ ಕೆಟ್ಟುಹೋಗಿದ್ದ ಪಂದ್ಯದಲ್ಲಿ ಅವನಿಗೆ ಒಂದು ಸೊಗಸಾದ ದಿನ ಸಿಕ್ಕಿತು. ಆಂಗ್ಲ ದಾಂಡಿಗರು ನಿಜವಾಗಿಯೇ ಓಡಿದರು. ಕ್ರೋನಿಯೆಯ ಜೊತೆಗಾರರು ಏನೂ ಅರಿಯದೆ ನಿಜವಾಗಿಯೇ ಬೆವರು ಸುರಿಸಿದರು. ಹೊರಗಿನ ಯಾವ ಘಟನೆಯೂ ಸುಳ್ಳಲ್ಲ. ಸುಳ್ಳಾದದ್ದು ಒಬ್ಬನ ಉದ್ದೇಶ ಮಾತ್ರ. ಅಷ್ಟಕ್ಕೇ ಆ ದಿನವೆಲ್ಲ ಕಹಿಯಾಗಬೇಕೆ?

ಆಗಬೇಕು ಎಂದೇ ನನಗೆ ತೋರುತ್ತದೆ. ಒಬ್ಬ ಇಂಜಿನಿಯರು ದುರಾಸೆಯಿಂದ ಸೇತುವೆ ಕಟ್ಟಿರಬಹುದು. ಸೇತುವೆ ಭದ್ರವಾಗಿದ್ದರೆ ನಾವು ಅದರ ಮೇಲೆ ನಡೆದು ಹೊಳೆ ದಾಟುತ್ತೇವೆ, ಅವನ ಮನಸ್ಸಿನ ಗೊಡವೆ ನಮಗೆ ಬೇಡ. ಕೀರ್ತಿಯ ಹುಚ್ಚಿನಿಂದ ವೈದ್ಯ ಮದ್ದು ಕೊಟ್ಟರೂ ಜ್ವರ ಇಳಿಯುತ್ತದೆ. ಲೋಕದ ಬಹುಪಾಲು ಕೆಲಸಗಳು ಹೀಗೆಯೇ. ಮಾಡಿದವನ ಉದ್ದೇಶ ಕಳಚಿಹೋದರೂ ಮಾಡಿದ್ದು ಉಳಿಯುತ್ತದೆ. ಆಟದಲ್ಲಿ ಹಾಗಿಲ್ಲ. ಚೆಂಡು ಹಗ್ಗದಾಚೆ ಹೋದದ್ದರಿಂದ ಯಾರ ಹಸಿವೂ ಹಿಂಗಲಿಲ್ಲ, ಯಾರ ಹೊಲಕ್ಕೂ ನೀರು ಹಾಯಲಿಲ್ಲ. ಗೆಲ್ಲಬೇಕೆಂದು ಒಬ್ಬ ಹೊಡೆದ, ತಡೆಯಬೇಕೆಂದು ಇನ್ನೊಬ್ಬ ಓಡಿದ. ಆ ಇಬ್ಬರ ಮನಸ್ಸಿನಿಂದ ಮಾತ್ರ ಅದಕ್ಕೊಂದು ಅರ್ಥ. ಆ ಮನಸ್ಸನ್ನು ತೆಗೆದುಬಿಟ್ಟರೆ ಉಳಿಯುವುದು ಹುಲ್ಲಿನ ಮೇಲೆ ಉರುಳಿದ ಒಂದು ಚರ್ಮದ ಗುಂಡು. ಡಚ್ ಪಂಡಿತ ಯೋಹಾನ್ ಹೊಯ್ಸಿಂಗ 1938ರಲ್ಲಿ ‘ಹೋಮೊ ಲುಡೆನ್ಸ್’ ಎಂಬ ಗ್ರಂಥ ಬರೆದು, ಮನುಷ್ಯನನ್ನು ಆಡುವ ಪ್ರಾಣಿಯೆಂದೇ ಗುರುತಿಸಿದ. ಆಟ ನಿತ್ಯಜೀವನದ ಲಾಭನಷ್ಟಗಳಿಂದ ಹೊರಗೆ ನಿಂತ ವ್ಯಾಪಾರವೆಂದು ವಾದಿಸಿದ. ನಮ್ಮಲ್ಲಿ ಬಾದರಾಯಣನು, ಪೂರ್ಣನಾದ ಈಶ್ವರನಿಗೆ ಸೃಷ್ಟಿಯಿಂದ ಆಗಬೇಕಾದದ್ದೇನು ಎಂಬ ಕಠಿಣ ಪ್ರಶ್ನೆ ಬಂದಾಗ ಲೀಲೆ ಎಂಬ ಪದವನ್ನು ಹಿಡಿದ. ಯಾವ ಅಭಾವವೂ ಇಲ್ಲದೆ ಮಾಡುವ ಕೆಲಸಕ್ಕೆ ಲೋಕದಲ್ಲಿ ಅವನಿಗೆ ಸಿಕ್ಕ ದೃಷ್ಟಾಂತ ಆಟವೊಂದೇ.

ನಮ್ಮ ಭಾಷೆಯಲ್ಲೂ ಒಂದು ಎಚ್ಚರಿಕೆ ಅಡಗಿದೆ. ‘ಆಟ’ ಎಂಬುದು ವಿಶಾಲವಾದ ಪದ. ಮಕ್ಕಳದೂ ಆಟ, ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವೂ ಆಟ. ‘ಪಂದ್ಯ’ವೆಂದರೆ ಮೊದಲಿನಿಂದಲೂ ಪಣ, ಬಾಜಿ. ಇಂದು ಕ್ರಿಕೆಟ್ಟಿನ ಸುದ್ದಿ ಹೇಳುವಾಗ ನಾವು ಎರಡನೆಯ ಪದವನ್ನೇ ಹೆಚ್ಚಾಗಿ ಬಳಸುತ್ತೇವೆ, ಅದರ ಹಳೆಯ ಅರ್ಥವನ್ನು ಮರೆತು. ಕೌರವರ ಸಭೆಯಲ್ಲಿ ದಾಳಗಳು ಉರುಳಿದ್ದು ಎಷ್ಟು ಹೊತ್ತು ಆಟವಾಗಿತ್ತು, ಯಾವ ಗಳಿಗೆಯಲ್ಲಿ ಪಂದ್ಯವಾಯಿತು ಎಂದು ಗೆರೆ ಎಳೆಯುವುದು ಕಷ್ಟ. 2023ರಿಂದ ಭಾರತ ತಂಡದ ಅಂಗಿಯ ಮೇಲೆ ಹಣ ಕಟ್ಟಿ ಆಡಿಸುವ ಸಂಸ್ಥೆಯೊಂದರ ಹೆಸರು ರಾರಾಜಿಸುತ್ತಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ ಮೇಲೆ ಆ ಹೆಸರು ಕೆಳಗಿಳಿಯಿತು. ಅಂಗಿ ಖಾಲಿಯಾದದ್ದು ಸಂತೋಷವೇ. ಆದರೆ ಅಂಗಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ಹೋಗಲಿಲ್ಲ.

ಇಷ್ಟು ಹೇಳಿದ ಮೇಲೆ, ಸಂಬಳ ಪಡೆದು ಆಡುವುದೇ ಪಾಪ ಎಂಬ ತೀರ್ಮಾನಕ್ಕೆ ಹಾರುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಸಂಗೀತಗಾರ ಸಂಭಾವನೆ ತೆಗೆದುಕೊಂಡರೆ ರಾಗ ಕೆಡುವುದಿಲ್ಲ. ಮೇಳದ ವೇಷಧಾರಿಗೆ ಸಂಬಳ ಉಂಟು. ಅವನ ಕೌರವನನ್ನು ನೋಡಿ ನಮ್ಮ ಕಣ್ಣು ಒದ್ದೆಯಾಗುವುದು ನಿಲ್ಲುವುದಿಲ್ಲ. ಹಣಕ್ಕಾಗಿ ಆಡದ ಶುದ್ಧ ಹವ್ಯಾಸಿಯೆಂಬ ಆದರ್ಶವನ್ನು ಮೆರೆಸಿದವರು ಇಂಗ್ಲೆಂಡಿನ ಶ್ರೀಮಂತರು. ಅಲ್ಲಿ ‘ಜಂಟಲ್‌ಮನ್’ ಎಂದರೆ ಸಂಬಳವಿಲ್ಲದವನು, ‘ಪ್ಲೇಯರ್’ ಎಂದರೆ ಸಂಬಳದವನು. ಒಂದೇ ಪಕ್ಷದಲ್ಲಿ ಆಡುವ ಇವರಿಗೆ ಅನೇಕ ಮೈದಾನಗಳಲ್ಲಿ ಉಡುಪು ಬದಲಾಯಿಸುವ ಕೋಣೆ ಬೇರೆ, ಒಳಬರುವ ಬಾಗಿಲು ಬೇರೆ. ಈ ಭೇದವನ್ನು ತೆಗೆದುಹಾಕಿದ್ದು 1962ರಲ್ಲಿ. ಹೊಟ್ಟೆ ತುಂಬಿದವನಿಗೆ ಮಾತ್ರ ಸಾಧ್ಯವಾಗುವ ಪಾವಿತ್ರ್ಯವನ್ನು ನಾವು ಧರ್ಮವೆಂದು ಕರೆಯುವುದು ಹೇಗೆ?

ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ ಅವರನ್ನು ನೆನೆಯಿರಿ. ದಲಿತ ಕುಟುಂಬದ ಹುಡುಗ; ಪುಣೆಯಲ್ಲಿ ಆಂಗ್ಲರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಸಂಬಳದ ಆಳು. ಸಾಹೇಬರಿಗೆ ಅಭ್ಯಾಸವಾಗಲೆಂದು ದಿನವೂ ಚೆಂಡು ಎಸೆಯುತ್ತ ಎಸೆಯುತ್ತ ತನ್ನ ಕಾಲದ ಅತ್ಯುತ್ತಮ ಎಡಗೈ ಬೌಲರರಲ್ಲಿ ಒಬ್ಬರಾದರು. 1911ರಲ್ಲಿ ಭಾರತದ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಾಗ ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಚಹಾದ ವೇಳೆಗೆ ಅವರೊಬ್ಬರಿಗೆ ಹೊರಗಡೆ, ಬಿಸಾಡುವ ಮಣ್ಣಿನ ಬಟ್ಟಲಿನಲ್ಲಿ ಚಹಾ. ಎಷ್ಟೋ ವರ್ಷ ತಂಡಕ್ಕೆ ಆಧಾರವಾಗಿದ್ದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ಅವರ ತಮ್ಮ ವಿಠ್ಠಲರಿಗೆ. ಸಂಬಳದ ಕೆಲಸ ಇಲ್ಲದಿದ್ದರೆ ಬಾಳೂ ಅವರ ಕೈಗೆ ಚೆಂಡೇ ಬರುತ್ತಿರಲಿಲ್ಲ. ಇಂದೂ ಸಣ್ಣ ಊರಿನ ಬಡ ಹುಡುಗನೊಬ್ಬ ಹರಾಜಿನಲ್ಲಿ ಗೆದ್ದು ತಾಯಿಗೆ ಮನೆ ಕಟ್ಟಿಸಿಕೊಟ್ಟನೆಂದು ಓದಿದಾಗ ನನಗೆ ಸಂತೋಷವೇ ಆಗುತ್ತದೆ. ಆ ಹುಡುಗನನ್ನು ಹಣದಾಸೆಯವನೆಂದು ಜರೆಯುವ ಅಧಿಕಾರ ಪಿಂಚಣಿ ಪಡೆಯುತ್ತಿರುವ ನನಗಂತೂ ಇಲ್ಲ.

ಹಾಗಾದರೆ ಮನಸ್ಸು ಮುರಿಯುವುದು ಎಲ್ಲಿ? ಊರಿನ ಹೆಸರಿನಲ್ಲಿ, ಎಂದು ಹೇಳಬೇಕು. 2008ರಲ್ಲಿ ಎಂಟು ಊರುಗಳ ಹೆಸರುಗಳು ಹರಾಜಿಗೆ ಬಂದವು. ನಮ್ಮ ಬೆಂಗಳೂರಿನ ಹೆಸರನ್ನು ಮದ್ಯದ ವ್ಯಾಪಾರಿಯೊಬ್ಬರು 11 ಕೋಟಿ ಡಾಲರಿಗೂ ಮೀರಿ ಕೊಟ್ಟು ಕೊಂಡರು. ಕೆಂಪೇಗೌಡರ ಊರಿನ ಹೆಸರು ಯಾರ ಸ್ವತ್ತಾಗಿತ್ತು, ಯಾರು ಮಾರಿದರು, ಊರಿನವರಿಗೆ ಅದರಲ್ಲಿ ಬಂದ ಪಾಲೆಷ್ಟು ಎಂದು ಕೇಳಿದವರು ಕಡಮೆ. ಆದರೂ ಜನ ಆ ತಂಡವನ್ನು ತಮ್ಮದೆಂದರು. ಹದಿನೇಳು ವರ್ಷ ಸೋತರೂ ಕೈಬಿಡಲಿಲ್ಲ. ಸೋಲುವವನನ್ನು ಬಿಡದಿರುವುದು ಸಣ್ಣ ಗುಣವಲ್ಲ, ಅದನ್ನು ಹಾಸ್ಯಮಾಡುವುದು ತಪ್ಪು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆ ತಂಡ ಪಂಜಾಬನ್ನು ಆರು ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ಕಪ್ಪು ಗೆದ್ದಿತು. ಅಂದು ಆಡಲಿಳಿದ ಹನ್ನೊಂದು ಮಂದಿಯಲ್ಲಿ ಕರ್ನಾಟಕದವರು ಒಬ್ಬರು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಆದದ್ದನ್ನು ಎಲ್ಲರೂ ಬಲ್ಲರು. ಕಾಲ್ತುಳಿತಕ್ಕೆ ಸಿಕ್ಕಿ ಹನ್ನೊಂದು ಜನ ಸತ್ತರು, ಐವತ್ತಕ್ಕೂ ಮಿಕ್ಕಿದವರು ಗಾಯಗೊಂಡರು. ಹೆಚ್ಚಿನವರು ಎಳೆಯರು. ತಪ್ಪು ಯಾರದೆಂಬುದು ನ್ಯಾಯಾಲಯದ ವಿಷಯ, ಇಲ್ಲಿ ಅದನ್ನು ಎತ್ತುವುದಿಲ್ಲ. ನನ್ನನ್ನು ಕಾಡಿದ ಸಂಗತಿ ಬೇರೆ. ಅಲ್ಲಿ ಅಂದು ಆಟವೇ ಇರಲಿಲ್ಲ. ಆಟ ಹಿಂದಿನ ರಾತ್ರಿ, ನೂರಾರು ಹರದಾರಿ ದೂರದಲ್ಲಿ ಮುಗಿದುಹೋಗಿತ್ತು. ಆ ಮಕ್ಕಳು ಹೋದದ್ದು ಗೆಲವಿನ ಹತ್ತಿರ ನಿಲ್ಲುವುದಕ್ಕೆ, ತಾವು ಪ್ರೀತಿಸಿದ್ದರ ಒಂದು ಅಂಚನ್ನಾದರೂ ಮುಟ್ಟುವುದಕ್ಕೆ. ಅವರ ಪ್ರೀತಿ ಸುಳ್ಳಾಗಿರಲಿಲ್ಲ. ಅದನ್ನು ಇರಿಸಿಕೊಳ್ಳುವಷ್ಟು ಜಾಗ ಆ ಏರ್ಪಾಡಿನಲ್ಲಿ ಇರಲಿಲ್ಲ, ಅಷ್ಟೆ. ಕೂಗುವುದಕ್ಕೂ ಕೊಳ್ಳುವುದಕ್ಕೂ ಎಡೆಯುಂಟು, ಒಳಗೆ ಬರುವುದಕ್ಕೆ ಇಲ್ಲ.

ಬೀದಿಯ ಆಟದಲ್ಲಿ ಇದಕ್ಕೆ ವಿರುದ್ಧವಾದ ನ್ಯಾಯ ನಡೆಯುತ್ತದೆ. ಅಲ್ಲಿ ಅಂಪೈರಿಲ್ಲ. ಚೆಂಡು ಎದುರುಮನೆಯ ಕಾಂಪೌಂಡಿಗೆ ಬಿದ್ದರೆ ಔಟು. ಮೋರಿಗೆ ಬಿದ್ದರೆ ಹೊಡೆದವನೇ ತೆಗೆಯಬೇಕು. ಬ್ಯಾಟಿನ ಯಜಮಾನನಿಗೆ ಮೊದಲ ಸರದಿ. ಈ ಶಾಸನಗಳನ್ನು ಯಾವ ಮಂಡಳಿಯೂ ಹೊರಡಿಸಿಲ್ಲ. ಜಗಳಕ್ಕೂ ಕೊರತೆಯಿಲ್ಲ. ಒಮ್ಮೊಮ್ಮೆ ಆಡಿದ ಹೊತ್ತಿಗಿಂತ ವಾದಿಸಿದ ಹೊತ್ತೇ ಹೆಚ್ಚು. ಆದರೆ ವಾದದ ಒಂದು ಹಂತದಲ್ಲಿ ಯಾರೋ ಒಬ್ಬ ಸೋಲುತ್ತಾನೆ: ‘ಆಗಲಿ, ಇನ್ನೊಂದು ಸಲ ಎಸೆ.’ ಏಕೆ ಸೋಲುತ್ತಾನೆ? ಎದುರಾಳಿ ಮುನಿಸಿಕೊಂಡು ಮನೆಗೆ ಹೋದರೆ ಆಟವೇ ಇಲ್ಲ. ನಾಳೆ ಸಂಜೆಗೂ ಅವನೇ ಬೇಕು. ಗೆಲ್ಲುವ ಆಸೆ ಎಷ್ಟೇ ಇರಲಿ, ಸೋತವನಿಗೆ ಮತ್ತೆ ಬರಬೇಕೆನ್ನಿಸುವಷ್ಟರ ಮಟ್ಟಿಗೆ ಮಾತ್ರ ಗೆಲ್ಲಬೇಕು. ಸ್ವಿಟ್ಸರ್ಲೆಂಡಿನ ಝಾನ್ ಪಿಯಾಜೆ ಗೋಲಿಯಾಡುವ ಹುಡುಗರ ಜೊತೆ ಕುಳಿತು, ಅವರಿಂದ ನಿಯಮಗಳನ್ನು ಕೇಳಿ ತಿಳಿದು, ಮಕ್ಕಳ ನೈತಿಕ ಬುದ್ಧಿಯನ್ನು ಕುರಿತು 1932ರಲ್ಲಿ ಒಂದು ಪುಸ್ತಕ ಬರೆದ. ಚಿಕ್ಕ ಮಕ್ಕಳು ನಿಯಮವನ್ನು ದೊಡ್ಡವರಿಂದ ಇಳಿದುಬಂದ, ಬದಲಿಸಲಾಗದ ಆಜ್ಞೆಯೆಂದು ಭಾವಿಸುತ್ತಾರೆ. ಬೆಳೆದಂತೆ ಅದು ತಮ್ಮೊಳಗಿನ ಪರಸ್ಪರ ಒಪ್ಪಂದವೆಂದು ತಿಳಿಯುತ್ತಾರೆ, ಎಲ್ಲರೂ ಒಪ್ಪಿದರೆ ಬದಲಿಸಬಹುದೆಂದು ಅರಿಯುತ್ತಾರೆ ಎಂಬುದು ಅವನು ಕಂಡದ್ದು. ಪ್ರಜಾಪ್ರಭುತ್ವವನ್ನು ನಾವು ಶಾಲೆಯಲ್ಲಿ ಪೌರನೀತಿಯ ಪಾಠವಾಗಿ ಓದಿಸುತ್ತೇವೆ. ಮಕ್ಕಳು ಅದನ್ನು ಶಾಲೆ ಬಿಟ್ಟ ಮೇಲೆ ಕಲಿಯುತ್ತಾರೋ ಏನೋ. ಈಗಿನ ತರಬೇತಿ ಶಿಬಿರಗಳಲ್ಲಿ ಸೀಟಿ ಊದುವ ಗುರುಗಳು ಹುಡುಗರ ಮೊಣಕೈ ತಿದ್ದುತ್ತಾರೆ, ನಿಜ. ಜಗಳ ತೀರಿಸಿಕೊಳ್ಳುವ ಅವಕಾಶ ಮಾತ್ರ ಅಲ್ಲಿ ಹುಡುಗರಿಗೆ ಇಲ್ಲ.

ಇದೆಲ್ಲ ಮಕ್ಕಳ ಮಾತಾಯಿತು, ದೊಡ್ಡವರು ಆಡುವುದುಂಟೆ ಎಂದು ಕೇಳಬಹುದು. ಕೊಡಗಿನವರು ಆಡುತ್ತಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯೊಂದನ್ನು ಆರಂಭಿಸಿದರು. ಮೊದಲ ವರ್ಷ ಬಂದ ತಂಡಗಳು 60. ಪ್ರತಿಯೊಂದು ತಂಡವೂ ಒಂದು ಒಕ್ಕ, ಎಂದರೆ ಒಂದೇ ಮನೆತನದ ಹೆಸರು ಹೊತ್ತವರು. ವರ್ಷಕ್ಕೊಂದು ಒಕ್ಕ ಹಬ್ಬದ ಹೊಣೆ ಹೊರುತ್ತದೆ. ಆ ವರ್ಷದ ಕಪ್ಪಿಗೆ ಅವರ ಮನೆತನದ ಹೆಸರು. ಒಂದೇ ತಂಡದಲ್ಲಿ ಗಂಡಸರ ಜೊತೆ ಹೆಂಗಸರೂ ಓಡುತ್ತಾರೆ, ನರೆಗೂದಲಿನವರೂ ಶಾಲೆಯ ಹುಡುಗರೂ ಕೋಲು ಹಿಡಿಯುತ್ತಾರೆ. 2018ರ ಮಳೆ ಭೂಕುಸಿತಗಳಿಂದಲೂ ಆಮೇಲಿನ ಕೋವಿಡಿನಿಂದಲೂ ನಾಲ್ಕು ವರ್ಷ ನಿಂತಿದ್ದ ಹಬ್ಬ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆಯಿತು. 2024ರಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದಾಗ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡದವರು ನಡೆಸಿದಾಗ 396.

ಲೆಕ್ಕವನ್ನು ಸ್ವಲ್ಪ ನೋಡಿ. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ 360 ತಂಡಗಳು ಆಡಿದರೆ 359 ಪಂದ್ಯಗಳಾಗಬೇಕು, 359 ಮನೆಗಳು ಸೋಲಬೇಕು. ಹೆಚ್ಚು ಕಡಮೆ ಅರ್ಧದಷ್ಟು ಮನೆಗಳಿಗೆ ಮೊದಲ ದಿನದ ಆಟವೇ ಕೊನೆಯ ದಿನದ್ದು. ಆದರೂ ಮರುವರ್ಷ ಬರುವವರ ಸಂಖ್ಯೆ ಏರುತ್ತದೆ. ಬೆಂಗಳೂರು ಮುಂಬಯಿಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ರಜೆ ಹಾಕಿ, ಒಂದೇ ಒಂದು ಪಂದ್ಯ ಸೋಲುವುದಕ್ಕಾಗಿ ಐನ್‌ಮನೆಗೆ ಬರುತ್ತಾರೆ! ಇದನ್ನು ಯಾವ ಪ್ರಸಾರದ ಹಕ್ಕಿನ ಲೆಕ್ಕದಿಂದಲೂ ವಿವರಿಸುವುದು ಸಾಧ್ಯವಿಲ್ಲ. ಇದೇ ನೆಲದಿಂದ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಅವರಂಥ ದೇಶದ ಆಟಗಾರರೂ ಬಂದರೆಂಬುದನ್ನು ಮರೆಯಬಾರದು. ಅವರು ಈ ಹಬ್ಬಕ್ಕಿಂತ ಹಿಂದಿನವರು. ಹಬ್ಬ ಅವರನ್ನು ಬೆಳೆಸಲಿಲ್ಲ. ಕೋಲು ಹಿಡಿಯುವುದು ಮನೆಯ ರೂಢಿಯಾಗಿದ್ದ ಕಡೆ ಅವರೂ ಬಂದರು, ಹಬ್ಬವೂ ಬಂತು.

ಇಲ್ಲಿಗೆ ನಿಲ್ಲಿಸಿದರೆ ಕೊಡಗಿನ ಚಿತ್ರ ಸುಂದರವಾಗಿಯೇ ಉಳಿಯುತ್ತದೆ. ನಿಲ್ಲಿಸಲಾಗುವುದಿಲ್ಲ. ಮೊದಲನೆಯದಾಗಿ, ದಾಖಲೆಯ ಚಪಲ ಹಬ್ಬದ ಬಾಗಿಲಿಗೂ ಬಂದಿದೆ. ತಂಡಗಳ ಸಂಖ್ಯೆಯೇ ಹೆಮ್ಮೆಯ ವಿಷಯವಾದರೆ, ಮುಂದಿನ ವರ್ಷ ಹೊಣೆ ಹೊರುವ ಸಾಧಾರಣ ಸ್ಥಿತಿಯ ಮನೆತನದ ಎದೆ ಅಳುಕುವುದಿಲ್ಲವೆ? ಆದರೆ ಇದು ಸಣ್ಣ ತಕರಾರು. ದೊಡ್ಡದು ಬೇರೆ ಇದೆ. ಒಕ್ಕದ ಹೆಸರಿನವರು ಆಡುವ ಆಟದಲ್ಲಿ ಒಕ್ಕವಿಲ್ಲದವನು ಏನು ಮಾಡಬೇಕು? ಅದೇ ತೋಟದ ಸಾಲಿನಲ್ಲಿ ದುಡಿಯುವ, ಅದೇ ಶಾಲೆಯಲ್ಲಿ ಕೊಡವ ಹುಡುಗರೊಡನೆ ಹಾಕಿ ಕಲಿತ ಬೇರೆ ಜನರ ಮಗ ಆ ದಿನ ಹಗ್ಗದ ಆಚೆ ನಿಲ್ಲುತ್ತಾನೆ. ಕೊಡಗಿನ ಗೌಡ ಕುಟುಂಬಗಳು ತಮ್ಮದೇ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಹಬ್ಬ. ಮುಂಬಯಿಯಲ್ಲಿ ಹಿಂದೆ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದು ಮತವಾರು ತಂಡಗಳು ಆಡುತ್ತಿದ್ದುವು. ಬಾಳೂ ಅವರ ಕಥೆ ನಡೆದದ್ದು ಆ ಅಂಗಳದಲ್ಲೇ. 1940ರಲ್ಲಿ ಗಾಂಧೀಜಿ ಅದನ್ನು ವಿರೋಧಿಸಿದರು. 1946ರಲ್ಲಿ ಅದು ನಿಂತಿತು. ನಿಂತದ್ದು ಒಳ್ಳೆಯದೇ ಆಯಿತೆಂದು ಬಹುಮಂದಿ ಒಪ್ಪುತ್ತಾರೆ. ಮುಂಬಯಿಯಲ್ಲಿ ವಿಷವಾದದ್ದು ಕೊಡಗಿನಲ್ಲಿ ಅಮೃತ ಹೇಗೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ನನಗೆ ಹೊಳೆಯುವ ಉತ್ತರ ಇಷ್ಟು. ಮುಂಬಯಿಯಲ್ಲಿ ಒಂದು ಮತದವರು ಇನ್ನೊಂದು ಮತದವರ ವಿರುದ್ಧ ಆಡುತ್ತಿದ್ದರು. ಹತ್ತಾರು ಸಾವಿರ ಜನ ತಮ್ಮ ಮತವೇ ಗೆದ್ದಂತೆ, ಸೋತಂತೆ ಕೂಗುತ್ತಿದ್ದರು. ಕೊಡವರ ಹಬ್ಬದಲ್ಲಿ ಎದುರಾಳಿಯೂ ನೆಂಟನೇ. ಸೋಲಿಸಿದವನ ಮನೆಯ ಮದುವೆಗೆ ಬರುವ ತಿಂಗಳು ಹೋಗಬೇಕು. ಆದ್ದರಿಂದ ಸೋಲು ಹಗೆಯಾಗಿ ಬೆಳೆಯುವುದಿಲ್ಲ. ಈ ಉತ್ತರ ಹಗ್ಗದ ಆಚೆ ನಿಂತ ಹುಡುಗನಿಗೆ ಸಾಲದು ಎಂಬುದನ್ನೂ ಒಪ್ಪುತ್ತೇನೆ. ನೆಂಟರೊಳಗೆ ಆಡುವುದು ಸುಲಭ. ನೆಂಟಸ್ತನವಿಲ್ಲದವರನ್ನು ಸೇರಿಸಿಕೊಂಡು ಆಡುವ ಊರಾಟ ಬೇಕಾಗಿದೆ. ಅದಕ್ಕೆ ಯಾವ ಒಕ್ಕದ್ದೂ, ಯಾವ ಕಂಪನಿಯದ್ದೂ ಅಲ್ಲದ ನೆಲ ಬೇಕು.

ನೆಲದ ಮಾತು ಬಂದರೆ ತತ್ತ್ವವನ್ನು ಬದಿಗಿಟ್ಟು ಬೀಗದ ಕೈ ಹುಡುಕಬೇಕಾಗುತ್ತದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡುವುದಕ್ಕಾಗಿ ಕರ್ನಾಟಕದಲ್ಲಿ 1985ರಷ್ಟು ಹಿಂದೆಯೇ ಒಂದು ಕಾನೂನಾಗಿದೆ. ಬಯಲುಗಳು ಉಳಿದಿರುವ ಕಡೆ ಅನೇಕವಕ್ಕೆ ಬೇಲಿ ಬಂದಿದೆ, ‘ಇಲ್ಲಿ ಆಡಬಾರದು’ ಎಂಬ ಹಲಗೆ ಬಂದಿದೆ; ನಡೆಯುವವರಿಗೆ ದಾರಿಯುಂಟು, ಓಡುವ ಮಕ್ಕಳಿಗೆ ಗದರಿಕೆ. ನಗರದ ಬಡಾವಣೆಗಳಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಗೆ ಇಷ್ಟೆಂದು ಬಾಡಿಗೆ ಎತ್ತುವ ಅಂಗಳಗಳು ಹುಟ್ಟಿವೆ. ಉದ್ಯೋಗಸ್ಥ ಯುವಕರು ರಾತ್ರಿ ದೀಪದ ಬೆಳಕಿನಲ್ಲಿ ಅಲ್ಲಿ ಚೆಂಡು ಒದೆಯುವುದನ್ನು ನೋಡಿದ್ದೇನೆ. ಅವರನ್ನು ಕಂಡರೆ ಅಸೂಯೆಯೂ ಮರುಕವೂ ಒಟ್ಟಿಗೇ ಆಗುತ್ತವೆ. ಗಂಟೆ ಮುಗಿಯುತ್ತಲೇ ಮುಂದಿನ ತಂಡ ಬಾಗಿಲಲ್ಲಿ ಕಾದಿರುತ್ತದೆ. ಇನ್ನೊಂದು ಸಲ ಎಸೆ ಎಂದು ವಾದಿಸುವುದಕ್ಕೆ ಬಾಡಿಗೆಯ ಗಂಟೆಯಲ್ಲಿ ಹೊತ್ತೆಲ್ಲಿ? ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಒಂದು ಮಗುವನ್ನು ಒಳಗೆ ಬಿಟ್ಟುಕೊಂಡರೂ ತಲೆಗೆ ಇಷ್ಟೆಂದು ಹಂಚಿಕೊಂಡ ಹಣದಲ್ಲಿ ಅದರ ಪಾಲು ಯಾರು ಕೊಡಬೇಕೆಂಬ ಪ್ರಶ್ನೆ ಏಳುತ್ತದೆ.

ನಮ್ಮ ಹತ್ತಿರದ ಸರಕಾರಿ ಶಾಲೆಗೆ ಒಳ್ಳೆಯ ಬಯಲಿದೆ. ಭಾನುವಾರ ಅದರ ಗೇಟಿಗೆ ಬೀಗ. ಹುಡುಗರು ಗೋಡೆ ಹಾರಿ ಒಳಗೆ ಹೋಗುತ್ತಾರೆ. ಹುಡುಗಿಯರು, ವಯಸ್ಸಾದವರು ಹೋಗಲಾರರು. ಬೀಗ ತೆಗೆಸಿ ಎಂದು ಕೇಳಿದಾಗ, ಏನಾದರೂ ಆದರೆ ಜವಾಬ್ದಾರಿ ಯಾರದು ಎಂಬ ಮರುಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಬೀದಿಯ ಏಳೆಂಟು ಮನೆಯವರು ಸೇರಿ ಬರೆದುಕೊಡುವುದೆಂದು ಮಾತಾಗಿದೆ. ನಾಲ್ಕು ಮನೆಯವರ ಸಹಿ ಬಿದ್ದಿದೆ. ಉಳಿದವರಲ್ಲಿ ಒಬ್ಬರು, ಪಂದ್ಯವಿರುವ ದಿನ ಬರಬೇಡಿ, ಆಟ ಮುಗಿದ ಮೇಲೆ ಮಾತಾಡೋಣ ಎಂದಿದ್ದಾರೆ.